ವ್ಯಸನ ಎಂಬ ಒಂದೇ ಪದ



ಕನ್ನಡದಲ್ಲಿ ‘ವ್ಯಸನ’ ಎಂಬ ಪದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಸಂತಾಪದ ಪತ್ರದಲ್ಲಿ ‘ತಿಳಿಸಲು ವ್ಯಸನವಾಗುತ್ತದೆ’ ಎಂದು ಬರೆದರೆ ಅದು ದುಃಖ. ಸಪ್ತವ್ಯಸನಗಳ ಪಟ್ಟಿಯಲ್ಲಿ ಬಂದರೆ ಕುಡಿತ, ಜೂಜು ಮೊದಲಾದವು. ಸಂಸ್ಕೃತದಿಂದ ಬಂದ ಈ ಪದಕ್ಕೆ ಆಪತ್ತು, ಕೇಡು ಎಂಬ ಇನ್ನೊಂದು ಹಳೆಯ ಅರ್ಥವೂ ಇದೆ. ಹೆಸರಾಂತ ವ್ಯಕ್ತಿಯೊಬ್ಬರು ಕುಡಿತದಿಂದಲೋ ಮಾದಕವಸ್ತುವಿನಿಂದಲೋ ಸತ್ತ ದಿನ ಸಮಾಜವು ಈ ಅರ್ಥಗಳನ್ನು ಹಂಚಿಕೊಳ್ಳತೊಡಗುತ್ತದೆ. ಕೆಲವರು ದುಃಖವನ್ನು ಹಿಡಿದುಕೊಳ್ಳುತ್ತಾರೆ, ಕೆಲವರು ಚಟವನ್ನು. ಆಪತ್ತು ಎಂಬ ಅರ್ಥವನ್ನು ಎತ್ತಿಕೊಳ್ಳುವವರು ವಿರಳ. ಆ ಆಪತ್ತಿನ ಕುರಿತಾಗಿಯೇ ಈ ಹೊತ್ತಿನ ಮಾತು. ಅದೂ ಬಹುಮಟ್ಟಿಗೆ ಒಬ್ಬ ಗಾಯಕಿಯ ಸಾವನ್ನು ಮುಂದಿಟ್ಟುಕೊಂಡು.

ಏಮಿ ವೈನ್‌ಹೌಸ್ 2011ರ ಜುಲೈ 23ರ ಶನಿವಾರ ಮಧ್ಯಾಹ್ನ ಉತ್ತರ ಲಂಡನ್ನಿನ ಕ್ಯಾಮ್ಡನ್ ಸ್ಕ್ವೇರ್‌ನ ತಮ್ಮ ಮನೆಯಲ್ಲಿ ಶವವಾಗಿ ಕಂಡುಬಂದರು. ಆಗ ಅವರಿಗೆ 27 ವರ್ಷ. ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರಿಗೆ ಕ್ಯಾಮ್ಡನ್ ಅಪರಿಚಿತವಲ್ಲ. ಊರಿನಿಂದ ಬಂದ ನೆಂಟರನ್ನು ಅಲ್ಲಿನ ಸಂತೆಗೆ ಕರೆದೊಯ್ಯದ ಮನೆಗಳು ಕಡಿಮೆ. ಆ ಸಂಜೆಯಿಂದಲೇ ಅವರ ಮನೆಯ ಎದುರಿನ ಬೇಲಿಯ ಬಳಿ ಹೂವಿನ ರಾಶಿ ಬೆಳೆಯಿತು. ಹೂಗಳ ನಡುವೆ ವೋಡ್ಕಾ ಬಾಟಲಿಗಳು, ಬಿಯರ್ ಡಬ್ಬಿಗಳು, ಸಿಗರೇಟುಗಳು ಇದ್ದವು. ಬರುವ ವಾರಗಳಲ್ಲಿ ಅಭಿಮಾನಿಗಳು ‘ಕ್ಯಾಮ್ಡನ್ ಸ್ಕ್ವೇರ್’ ಎಂದು ಬರೆದ ಬೀದಿಯ ಫಲಕಗಳನ್ನೇ ಬಿಚ್ಚಿಕೊಂಡು ಹೋದರು. ಆಕೆಯನ್ನು ಕೊಂದ ವಸ್ತುವನ್ನೇ ಆಕೆಗೆ ನೈವೇದ್ಯವಾಗಿ ಇಟ್ಟವರಲ್ಲಿ ದುರುದ್ದೇಶವಿರಲಿಲ್ಲ. ಅವರಿಗೆ ಪರಿಚಯವಿದ್ದ ಏಮಿ ಅಂಥವರೇ ಆಗಿದ್ದರು, ಕೈಯಲ್ಲಿ ಲೋಟ ಹಿಡಿದವರು.

ಎರಡನೆಯ ಪ್ರತಿಕ್ರಿಯೆಯೂ ಅಂದೇ ಕೇಳಿಬಂತು: ಇದರಲ್ಲಿ ಅಚ್ಚರಿಯೇನಿದೆ, ತಾನಾಗಿ ತಂದುಕೊಂಡದ್ದು. ಇದಕ್ಕೆ ಕನ್ನಡದಲ್ಲಿ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ಸಿದ್ಧವಾಗಿಯೇ ಇದೆ. ಊರಿನ ಗೋಡೆಗಳ ಮೇಲೆ ಚಟಕ್ಕೂ ಚಟ್ಟಕ್ಕೂ ಪ್ರಾಸ ಕಟ್ಟಿದ ಬರಹಗಳೂ ಇವೆ.

ಮೂರನೆಯ ಪ್ರತಿಕ್ರಿಯೆ ಇಲ್ಲಿ ಸೇರಿರುವಂಥ ಓದುಗರಿಗೆ ಹೆಚ್ಚು ಹತ್ತಿರದ್ದು. ಏಮಿ ಸತ್ತ ಹಿಂದಿನ ದಿನವಷ್ಟೇ ನಾರ್ವೆಯ ಓಸ್ಲೋದಲ್ಲಿಯೂ ಉಟೋಯ ದ್ವೀಪದಲ್ಲಿಯೂ ಬಲಪಂಥೀಯ ಉಗ್ರನೊಬ್ಬ 77 ಜನರನ್ನು ಕೊಂದಿದ್ದ. ಸತ್ತವರಲ್ಲಿ ಬಹಳಷ್ಟು ಮಂದಿ ಲೇಬರ್ ಪಕ್ಷದ ಯುವ ಶಿಬಿರಕ್ಕೆ ಬಂದಿದ್ದ ಎಳೆಯರು. ಅದೇ ವಾರ, ಜುಲೈ 20ರಂದು, ವಿಶ್ವಸಂಸ್ಥೆಯು ದಕ್ಷಿಣ ಸೊಮಾಲಿಯದ ಎರಡು ಪ್ರದೇಶಗಳಲ್ಲಿ ಕ್ಷಾಮವನ್ನು ಘೋಷಿಸಿತ್ತು. ಇಷ್ಟೆಲ್ಲ ನಡೆದಿರುವಾಗ ಒಬ್ಬ ಕುಡುಕ ಗಾಯಕಿಗಾಗಿ ಅಳುವುದೇ ಎಂಬ ಪ್ರಶ್ನೆ ಎದ್ದಿತು. ಕೇಳಿದವರಲ್ಲಿ ಸಜ್ಜನರಿದ್ದರು, ಎಡಪಂಥೀಯರಿದ್ದರು, ಸೊಮಾಲಿಯದ ಬಗ್ಗೆ ನಿಜವಾದ ಕಾಳಜಿಯಿದ್ದವರೂ ಇದ್ದರು. ಆದರೆ ಆ ಪ್ರಶ್ನೆಯ ಹಿಂದೆ ಒಂದು ಊಹೆ ಅಡಗಿದೆ: ಶೋಕವೆಂಬುದು ಪಡಿತರದ ಅಕ್ಕಿಯಂತೆ, ಅನರ್ಹರು ಒಯ್ದರೆ ಅರ್ಹರ ಪಾಲು ಕಡಿಮೆಯಾಗುತ್ತದೆ ಎಂಬುದು. ಪಡಿತರ ಚೀಟಿಯ ಅರ್ಹತೆಯನ್ನು ಸರ್ಕಾರ ಬಿಗಿಗೊಳಿಸಿದಾಗ ಪ್ರತಿಭಟಿಸುವವರು ಕಣ್ಣೀರಿನ ವಿಷಯದಲ್ಲಿ ತಾವೇ ತಹಶೀಲ್ದಾರರಾಗುವುದು ವಿಚಿತ್ರ. ಅರ್ಹ, ಅನರ್ಹ ಎಂಬ ಈ ವಿಂಗಡಣೆಯಲ್ಲಿ ಎರಡನೆಯ ಗುಂಪಿಗೂ ಮೂರನೆಯ ಗುಂಪಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಒಂದು ಅರ್ಹತೆಯನ್ನು ನೀತಿಯಿಂದ ಅಳೆಯುತ್ತದೆ, ಇನ್ನೊಂದು ಸಂಖ್ಯೆಯಿಂದ. ಈ ಅಳತೆಯಲ್ಲಿ ತೊಡಗಿದಷ್ಟು ಹೊತ್ತೂ ಆಕೆ ಸತ್ತದ್ದು ಹೇಗೆ ಎಂಬುದನ್ನು ಯಾರೂ ಕೇಳಬೇಕಾಗುವುದಿಲ್ಲ.

ಹೇಗೆ ಸತ್ತರು ಎಂಬುದು ಸಾರ್ವಜನಿಕ ದಾಖಲೆಯಲ್ಲಿದೆ. ಮೊದಲ ದಿನಗಳಲ್ಲಿ ಎಲ್ಲರ ಬಾಯಲ್ಲೂ ಇದ್ದುದು ಡ್ರಗ್ಸ್. ಆದರೆ ಅವರ ದೇಹದಲ್ಲಿ ನಿಷೇಧಿತ ಮಾದಕವಸ್ತುವಿನ ಕುರುಹೂ ಸಿಗಲಿಲ್ಲ. ಸಿಕ್ಕಿದ್ದು ಮದ್ಯ: 100 ಮಿಲಿಲೀಟರ್ ರಕ್ತಕ್ಕೆ 416 ಮಿಲಿಗ್ರಾಂ. ಇಂಗ್ಲೆಂಡಿನಲ್ಲಿ ವಾಹನ ಚಲಾಯಿಸಲು ಇರುವ ಮಿತಿ 80. ಸಾವಿಗೆ ಮುನ್ನ ಆಕೆ ಕೆಲವು ವಾರ ಕುಡಿತವನ್ನು ಪೂರ್ತಿಯಾಗಿ ಬಿಟ್ಟಿದ್ದರು. ಮತ್ತೆ ಆರಂಭಿಸಿ ಕೆಲವೇ ದಿನಗಳಾಗಿದ್ದವು. ಕುಡಿತ ಬಿಟ್ಟ ದೇಹ ಅದನ್ನು ತಾಳಿಕೊಳ್ಳುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ. ಹಿಂದೆ ದಕ್ಕಿಸಿಕೊಂಡಿದ್ದ ಪ್ರಮಾಣವೇ ಉಸಿರಾಟವನ್ನು ನಿಯಂತ್ರಿಸುವ ಮಿದುಳಿನ ಭಾಗವನ್ನು ನಿದ್ರೆಯಲ್ಲೇ ಮಂಕಾಗಿಸಬಲ್ಲದು. ಅಂದರೆ ಆಕೆಯ ಸಾವಿನಲ್ಲಿ ಕುಡಿತದಷ್ಟೇ ಪಾತ್ರ ಕುಡಿತ ಬಿಡುವ ಪ್ರಯತ್ನಕ್ಕೂ ಇದೆ. ಜೊತೆಗೆ, ಆಹಾರವನ್ನು ತಿಂದು ಕಕ್ಕುವ ಬುಲಿಮಿಯಾ ಎಂಬ ಕಾಯಿಲೆ ಹದಿಹರೆಯದಿಂದ ಅವರ ದೇಹವನ್ನು ಸವೆಸಿತ್ತು ಎಂದು ಅವರ ಅಣ್ಣ 2013ರಲ್ಲಿ ಹೇಳಿದರು. ಬುಲಿಮಿಯಾ ಸುದ್ದಿಯಾಗಿರಲಿಲ್ಲ, ಅದಕ್ಕೆ ಒಳ್ಳೆಯ ಛಾಯಾಚಿತ್ರ ಸಿಗುವುದಿಲ್ಲ.

ಮರಣ ವಿಚಾರಣೆಯ ತೀರ್ಪು ಗಮನಾರ್ಹ. 2011ರ ಅಕ್ಟೋಬರ್‌ನಲ್ಲಿ ಮೊದಲ ವಿಚಾರಣೆ ನಡೆಯಿತು. ಅದನ್ನು ನಡೆಸಿದ ಅಧಿಕಾರಿಗೆ ಬ್ರಿಟನ್ನಿನ ನಿಯಮದಂತೆ ಇರಬೇಕಾದ ವಕೀಲಿ ಅನುಭವವಿಲ್ಲವೆಂದು ತಿಳಿದದ್ದರಿಂದ 2013ರ ಜನವರಿಯಲ್ಲಿ ಮತ್ತೊಮ್ಮೆ ನಡೆಯಿತು. ಎರಡೂ ಬಾರಿ ಬಂದ ತೀರ್ಮಾನ ಒಂದೇ. ತಾನಾಗಿ ಮಾಡಿದ ಕೃತ್ಯ, ಆದರೆ ತಾನು ಬಯಸದ ಪರಿಣಾಮ ಎಂಬ ಅರ್ಥದ, ಇಂಗ್ಲಿಷ್ ಕಾನೂನಿನ ಹಳೆಯ ಮಾತು ಅದು. ಬೀದಿಯ ಮಾತಿಗಿಂತ ಕಾನೂನಿನ ಮಾತು ಇಲ್ಲಿ ಹೆಚ್ಚು ಮಾನವೀಯವಾಗಿದೆ. ಕೃತ್ಯವನ್ನು ಅದು ಅಲ್ಲಗಳೆಯುವುದಿಲ್ಲ. ಬಯಕೆಯನ್ನು ಮಾತ್ರ ಕೃತ್ಯದಿಂದ ಬೇರ್ಪಡಿಸುತ್ತದೆ.

ಇನ್ನು ಸಾವಿಗೆ ಮುಂಚಿನ ಸಾರ್ವಜನಿಕರ ವರ್ತನೆ. ಸಾವಿನ ನಂತರದ ಕಣ್ಣೀರನ್ನು ಅದರಿಂದ ಪ್ರತ್ಯೇಕಿಸಿ ನೋಡಿದರೆ ಏನೂ ಅರ್ಥವಾಗುವುದಿಲ್ಲ. ಆಕೆ ಬದುಕಿದ್ದಾಗಲೇ ಅಂತರಜಾಲದಲ್ಲಿ ಒಂದು ಸ್ಪರ್ಧೆ ನಡೆದಿತ್ತು: ಏಮಿ ಯಾವ ದಿನ ಸಾಯುತ್ತಾಳೆ ಎಂದು ಸರಿಯಾಗಿ ಊಹಿಸಿದವರಿಗೆ ಐಪಾಡ್ ಬಹುಮಾನ. ಇದನ್ನು ಕೆಲವು ಕಿಡಿಗೇಡಿಗಳ ಕೆಲಸವೆಂದು ತಳ್ಳಿಹಾಕುವ ಮುನ್ನ ಇನ್ನೊಂದು ಸಂಗತಿ: 2008ರ ಜನವರಿಯಲ್ಲಿ, ಬ್ರಿಟ್ನಿ ಸ್ಪಿಯರ್ಸ್ ಅವರಿಗೆ 26 ವರ್ಷವಾಗಿದ್ದಾಗ, ಅಸೋಸಿಯೇಟೆಡ್ ಪ್ರೆಸ್ ಅವರ ಮರಣವಾರ್ತೆಯನ್ನು ಮುಂಚಿತವಾಗಿ ಸಿದ್ಧಪಡಿಸುತ್ತಿರುವುದಾಗಿ ಒಪ್ಪಿಕೊಂಡಿತು. ಕಿಡಿಗೇಡಿಗಳಿಗೂ ಪ್ರತಿಷ್ಠಿತ ಸುದ್ದಿಸಂಸ್ಥೆಗೂ ಒಂದೇ ಲೆಕ್ಕಾಚಾರ. ಬ್ರಿಟನ್ನಿನ ಟ್ಯಾಬ್ಲಾಯ್ಡ್ ಪತ್ರಿಕೆಗಳ ಛಾಯಾಗ್ರಾಹಕರು ಏಮಿಯ ಮನೆಯ ಹೊರಗೆ ಹಗಲಿರುಳು ಕಾದಿದ್ದರು. ತನ್ನನ್ನು ಹಿಂಬಾಲಿಸದಂತೆ ಒಂದು ಛಾಯಾಚಿತ್ರ ಏಜೆನ್ಸಿಯ ವಿರುದ್ಧ 2009ರಲ್ಲಿ ಆಕೆ ಹೈಕೋರ್ಟಿನಿಂದ ತಡೆಯಾಜ್ಞೆ ತರಬೇಕಾಯಿತು. ನ್ಯೂಸ್ ಆಫ್ ದಿ ವರ್ಲ್ಡ್ ಪತ್ರಿಕೆ ಫೋನ್ ಕದ್ದಾಲಿಕೆಯ ಹಗರಣದಲ್ಲಿ ಸಿಲುಕಿ ತನ್ನ ಕೊನೆಯ ಸಂಚಿಕೆಯನ್ನು ಹೊರತಂದದ್ದು 2011ರ ಜುಲೈ 10ರಂದು. ಟ್ಯಾಬ್ಲಾಯ್ಡುಗಳ ನೀಚತನದ ಬಗ್ಗೆ ಇಡೀ ದೇಶ ಹೇಸಿಗೆಪಟ್ಟುಕೊಂಡ ಎರಡೇ ವಾರಕ್ಕೆ ಏಮಿ ಸತ್ತರು. ಆದರೆ ಆ ಪತ್ರಿಕೆಗಳನ್ನು ಕೊಂಡು ಓದಿದವರು ಯಾರು ಎಂಬ ಪ್ರಶ್ನೆ ಆ ಬೇಸಗೆಯಲ್ಲಿ ಗಟ್ಟಿಯಾಗಿ ಕೇಳಲಿಲ್ಲ.

ಆಕೆಗೆ ಜಗತ್ಪ್ರಸಿದ್ಧಿ ತಂದ 2006ರ ‘ರಿಹ್ಯಾಬ್’ ಹಾಡು ವ್ಯಸನಮುಕ್ತಿ ಚಿಕಿತ್ಸೆಯನ್ನು ನಿರಾಕರಿಸುವ ಹಾಡು. 2008ರ ಫೆಬ್ರವರಿ 10ರಂದು ಆಕೆಗೆ ಐದು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ವರ್ಷದ ಅತ್ಯುತ್ತಮ ಧ್ವನಿಮುದ್ರಿಕೆಯ ಪ್ರಶಸ್ತಿ ಇದೇ ಹಾಡಿಗೆ. ಅಮೆರಿಕದ ವೀಸಾ ಮೊದಲು ನಿರಾಕರಣೆಯಾಗಿ, ಆಮೇಲೆ ಮಂಜೂರಾದರೂ ಸಮಯ ಮೀರಿದ್ದರಿಂದ ಆಕೆ ಲಂಡನ್ನಿನಿಂದಲೇ ಉಪಗ್ರಹದ ಮೂಲಕ ಹಾಡಿದರು. ವೀಸಾದ ಕಷ್ಟ ಬಲ್ಲ ಅನಿವಾಸಿಗಳಿಗೆ ಇದು ಬೇಗ ಅರ್ಥವಾದೀತು. ಆದರೆ ವಿಪರ್ಯಾಸ ಬೇರೆಡೆ ಇದೆ. ಚಿಕಿತ್ಸೆಯನ್ನು ನಿರಾಕರಿಸುವ ಆ ಹಾಡಿಗೆ ಜಗತ್ತು ಚಪ್ಪಾಳೆ ತಟ್ಟುತ್ತಿದ್ದ ದಿನಗಳಲ್ಲಿ ಆಕೆ ಚಿಕಿತ್ಸೆ ಪಡೆಯುತ್ತಿದ್ದರು. ಚಿಕಿತ್ಸೆಗೆ ಒಪ್ಪಿದ ಏಮಿಗೆ ಮಾರುಕಟ್ಟೆಯಿರಲಿಲ್ಲ. ಎಲ್ಲ ವೇದಿಕೆಗಳಲ್ಲೂ ಕೇಳಿಬರುತ್ತಿದ್ದ ಬೇಡಿಕೆ ಅದೇ ಹಾಡಿಗೆ. ಕಾಯಿಲೆಯೇ ಸರಕಾದಾಗ ಗುಣವಾಗುವುದೆಂದರೆ ವ್ಯಾಪಾರ ನಿಲ್ಲಿಸುವುದು; ಆಕೆಯ ಆದಾಯವನ್ನು ನೆಚ್ಚಿಕೊಂಡಿದ್ದವರು ಒಬ್ಬಿಬ್ಬರಲ್ಲ.

2011ರ ಜೂನ್ 18ರಂದು ಬೆಲ್‌ಗ್ರೇಡ್‌ನ ಕಾಲೆಮೆಗ್ದಾನ್ ಉದ್ಯಾನದಲ್ಲಿ ಯೂರೋಪ್ ಪ್ರವಾಸದ ಮೊದಲ ಕಾರ್ಯಕ್ರಮ. ಆಕೆಗೆ ನಿಲ್ಲಲು ಆಗುತ್ತಿರಲಿಲ್ಲ, ಹಾಡಿನ ಸಾಲುಗಳು ನೆನಪಾಗುತ್ತಿರಲಿಲ್ಲ. ಸಾವಿರಾರು ಜನ ಕೂಗಿ ಅಣಕಿಸಿದರು. ಟಿಕೆಟ್ಟಿಗೆ ಹಣ ಕೊಟ್ಟವರ ಸಿಟ್ಟಿಗೂ ಕಾರಣವಿತ್ತು, ಅದನ್ನು ಅಲ್ಲಗಳೆಯಬೇಕಿಲ್ಲ. ಕೆಲವೇ ದಿನಗಳಲ್ಲಿ ಪ್ರವಾಸ ರದ್ದಾಯಿತು. ಕಾರ್ಖಾನೆಯ ಯಂತ್ರದ ಮುಂದೆ ತೂರಾಡುವ ಕಾರ್ಮಿಕಳನ್ನು ಕಂಡರೆ ಆಕೆಯನ್ನು ಅಲ್ಲಿ ನಿಲ್ಲಿಸಿದವರಾರು ಎಂದು ಕೇಳುವುದು ಎಡಪಂಥೀಯರ ಅಭ್ಯಾಸ. ವೇದಿಕೆಯ ಮೇಲೆ ತೂರಾಡಿದವಳ ಬಗ್ಗೆ ಆ ಪ್ರಶ್ನೆ ಬಹಳ ತಡವಾಗಿ, ಆಸಿಫ್ ಕಪಾಡಿಯಾ ಅವರ 2015ರ ಸಾಕ್ಷ್ಯಚಿತ್ರದಂಥ ಕೃತಿಗಳ ಮೂಲಕ, ಬಂತು. ಆ ಚಿತ್ರಕ್ಕೆ ಆಸ್ಕರ್ ಸಿಕ್ಕಿತು. ಅದರಲ್ಲಿಯೂ ನೋಡುಗರ ಮುಂದೆ ಹಾದುಹೋಗುವುದು ಆಕೆಯನ್ನು ಬೆನ್ನಟ್ಟಿದ ಅವೇ ಕ್ಯಾಮೆರಾಗಳ ದೃಶ್ಯಗಳು ಎಂಬುದು ಬೇರೆ ಮಾತು. ಸಾವಿನ ವಾರದಲ್ಲೇ ‘ಬ್ಯಾಕ್ ಟು ಬ್ಲ್ಯಾಕ್’ ಬ್ರಿಟನ್ನಿನ ಪಟ್ಟಿಯಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿತು. ಡಿಸೆಂಬರ್ ಹೊತ್ತಿಗೆ ಉಳಿದ ಧ್ವನಿಮುದ್ರಣಗಳ ಹೊಸ ಆಲ್ಬಂ ಅಂಗಡಿಯಲ್ಲಿತ್ತು.

ಹೆಂಡ್ರಿಕ್ಸ್, ಜಾಪ್ಲಿನ್, ಮಾರಿಸನ್, ಕೋಬೇನ್ ಎಲ್ಲರೂ 27ಕ್ಕೇ ಸತ್ತವರು, ಈಗ ಏಮಿಯೂ ಆ ಕೂಟಕ್ಕೆ ಸೇರಿದರು ಎಂಬ ಮಾತು ಬೇಗನೆ ಹಬ್ಬಿತು. ಅದೇ ವರ್ಷದ ಕೊನೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 1956ರಿಂದ 2007ರವರೆಗೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆದ ಆಲ್ಬಂಗಳ 1,046 ಸಂಗೀತಗಾರರನ್ನು ಪರಿಶೀಲಿಸಿದಾಗ 27ನೆಯ ವಯಸ್ಸಿನಲ್ಲಿ ವಿಶೇಷವೇನೂ ಕಾಣಲಿಲ್ಲ. ಕಂಡದ್ದು ಇದು: ಇಪ್ಪತ್ತು, ಮೂವತ್ತರ ಹರೆಯದಲ್ಲಿ ಹೆಸರಾಂತ ಸಂಗೀತಗಾರರ ಸಾವಿನ ಪ್ರಮಾಣ ಸಾಮಾನ್ಯ ಜನರಿಗಿಂತ ಎರಡು-ಮೂರು ಪಟ್ಟು ಹೆಚ್ಚು. ಅಂದರೆ ವಿಧಿಯ ಕಥೆ ಸುಳ್ಳು, ವೃತ್ತಿಯ ಅಪಾಯ ನಿಜ. ಇಪ್ಪತ್ತೇಳರ ಶಾಪವನ್ನು ನಂಬುವುದು ಸುಲಭ, ಏಕೆಂದರೆ ಶಾಪಕ್ಕೆ ಮಾಲೀಕರಿಲ್ಲ.

ಏಮಿ ಸತ್ತ ಏಳು ತಿಂಗಳೊಳಗೆ ಇದೇ ಅರ್ಹತೆಯ ಪ್ರಶ್ನೆ ಅಮೆರಿಕದಲ್ಲಿ ಸರ್ಕಾರದ ಧ್ವಜಸ್ತಂಭದವರೆಗೆ ಹೋಯಿತು. 2012ರ ಫೆಬ್ರವರಿ 11ರಂದು, ಗ್ರ್ಯಾಮಿ ಸಮಾರಂಭದ ಮುನ್ನಾದಿನ, ವಿಟ್ನಿ ಹ್ಯೂಸ್ಟನ್ ಬೆವರ್ಲಿ ಹಿಲ್ಟನ್ ಹೋಟೆಲಿನ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತರು; ಹೃದಯದ ಕಾಯಿಲೆ, ಕೊಕೇನ್ ಬಳಕೆ ಕಾರಣಗಳಲ್ಲಿ ಸೇರಿದ್ದವು. ಆ ರಾತ್ರಿ ಅದೇ ಹೋಟೆಲಿನಲ್ಲಿ ನಡೆಯಬೇಕಿದ್ದ ಸಂಗೀತೋದ್ಯಮದ ಔತಣಕೂಟ ನಿಲ್ಲಲಿಲ್ಲ. ಮರುವಾರ ಅವರ ತವರು ರಾಜ್ಯ ನ್ಯೂಜೆರ್ಸಿಯ ರಾಜ್ಯಪಾಲ ಕ್ರಿಸ್ ಕ್ರಿಸ್ಟಿ ಧ್ವಜಗಳನ್ನು ಅರ್ಧಕ್ಕೆ ಇಳಿಸಲು ಆದೇಶಿಸಿದಾಗ ಗದ್ದಲವೆದ್ದಿತು. ಸೈನಿಕರಿಗೆ ಸಲ್ಲುವ ಗೌರವ ಮಾದಕ ವ್ಯಸನಿಗೆ ಏಕೆ ಎಂದರು. ವ್ಯಸನದ ಕಾರಣಕ್ಕೆ ಬದುಕಿನ ಒಳ್ಳೆಯದೆಲ್ಲವೂ ಮುಟ್ಟುಗೋಲಾಗುತ್ತದೆ ಎಂಬ ವಾದವನ್ನು ತಾವು ಒಪ್ಪುವುದಿಲ್ಲ ಎಂದು ಕ್ರಿಸ್ಟಿ ಉತ್ತರಿಸಿದರು. ಅವರು ರಿಪಬ್ಲಿಕನ್, ಬಹುಪಾಲು ವಿಷಯಗಳಲ್ಲಿ ಪ್ರಗತಿಪರರಿಗೆ ಎದುರು ನಿಂತವರು. ಈ ಒಂದು ವಿಷಯದಲ್ಲಿ ಅನೇಕ ಪ್ರಗತಿಪರರಿಗಿಂತ ನೆಟ್ಟಗೆ ನಿಂತರು.

ಭಾರತದಲ್ಲಿ ಈ ವಿಂಗಡಣೆ ಇನ್ನೂ ಕ್ರೂರ ರೂಪ ತಾಳಿದ್ದು 2020ರಲ್ಲಿ. ಜೂನ್ 14ರಂದು ಮುಂಬೈಯಲ್ಲಿ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡರು. ಶೋಕ ಕೆಲವೇ ವಾರಗಳಲ್ಲಿ ಕೊಲೆಯ ಆರೋಪವಾಗಿ, ಬಳಿಕ ಮಾದಕವಸ್ತುವಿನ ತನಿಖೆಯಾಗಿ ಬದಲಾಯಿತು. ಸತ್ತ ನಟನನ್ನು ನಿರ್ಮಲನಾಗಿ ಉಳಿಸಿಕೊಳ್ಳಲು ಮಲಿನಳಾದ ಒಬ್ಬ ಹೆಣ್ಣು ಬೇಕಾಗಿದ್ದಳು. ಅವರ ಗೆಳತಿ ರಿಯಾ ಚಕ್ರವರ್ತಿ ಸಿಕ್ಕರು. ಸೆಪ್ಟೆಂಬರ್ 8ರಂದು ಬಂಧನ, ಅಕ್ಟೋಬರ್ 7ರಂದು ಜಾಮೀನು. ಬಿಹಾರದ ಚುನಾವಣೆಗೆ ಮುನ್ನ ಬಿಜೆಪಿಯ ಅಲ್ಲಿನ ಸಾಂಸ್ಕೃತಿಕ ಘಟಕ ಸತ್ತ ನಟನ ಮುಖವಿರುವ ಸ್ಟಿಕ್ಕರುಗಳನ್ನು ಮುದ್ರಿಸಿತು. ಏಮ್ಸ್ ವೈದ್ಯರ ತಂಡ ಅದೇ ವರ್ಷ ಕೊಲೆಯನ್ನು ತಳ್ಳಿಹಾಕಿತು.

ಆ ತನಿಖೆಯ ಬಿಸಿ ಬೆಂಗಳೂರಿಗೂ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಕನ್ನಡ ಚಿತ್ರರಂಗದ ಇಬ್ಬರು ನಟಿಯರ ಬಂಧನವಾಯಿತು. ಕನ್ನಡದ ಸುದ್ದಿವಾಹಿನಿಗಳು ವಾರಗಟ್ಟಲೆ ಅದನ್ನೇ ಉಂಡವು. ವರ್ಷಗಳ ನಂತರ ಹೈಕೋರ್ಟು ಅವರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿದಾಗ ಆ ವಾಹಿನಿಗಳಿಗೆ ಅಷ್ಟು ಹಸಿವಿರಲಿಲ್ಲ. ಆ ಗದ್ದಲದಲ್ಲಿ ನಡೆದ ಇನ್ನೊಂದು ಸಂಗತಿ ಹೆಚ್ಚು ನೋವಿನದು. ಹೃದಯಾಘಾತದಿಂದ ಆಗಷ್ಟೇ ತೀರಿಕೊಂಡಿದ್ದ ಕನ್ನಡದ ಯುವನಟರೊಬ್ಬರ ಶವಪರೀಕ್ಷೆ ಏಕೆ ಆಗಲಿಲ್ಲ ಎಂಬ ಪ್ರಶ್ನೆಯನ್ನು ಸಾರ್ವಜನಿಕವಾಗಿ ಎತ್ತಲಾಯಿತು. ಅವರ ಪತ್ನಿ ಆಗ ಗರ್ಭಿಣಿ. ಕೇಳಿದವರು ಆ ಮಾತನ್ನು ಹಿಂತೆಗೆದುಕೊಂಡರು. ಆದರೆ ಹಿಂತೆಗೆದುಕೊಳ್ಳುವ ಮೊದಲು ನಾಡಿನ ಎಷ್ಟು ಜನ, ಕೇವಲ ಆ ಅನುಮಾನದ ಬಲದಿಂದ, ಒಂದು ಸಾವಿನ ಬಗ್ಗೆ ತಮಗಿದ್ದ ಮರುಕವನ್ನು ತೂಕಕ್ಕೆ ಹಾಕಿ ನೋಡಿದರು?

ಇಷ್ಟು ಸಲೀಸಾಗಿ ಮರುಕ ಅಲುಗಾಡುವುದಕ್ಕೆ ಕನ್ನಡದಲ್ಲಿ ಒಂದು ಹಿನ್ನೆಲೆಯಿದೆ. ತೆರೆಯ ಮೇಲೆ ಕುಡಿಯದ, ಸೇದದ ನಾಯಕನೆಂಬ ಕೀರ್ತಿ ಡಾ. ರಾಜ್‌ಕುಮಾರ್ ಅವರದು. ಅವರ ಕಲೆಯ ದೊಡ್ಡತನಕ್ಕೂ ಇದಕ್ಕೂ ಅಗತ್ಯವಾದ ಸಂಬಂಧವಿಲ್ಲ. ಆದರೂ ಕಲಾವಿದರೆಂದರೆ ಸನ್ನಡತೆಯ ಮಾದರಿ ಎಂಬ ನಂಬಿಕೆಯನ್ನು ಅಭಿಮಾನಿಗಳು ಅದರ ಮೇಲೆಯೇ ಕಟ್ಟಿಕೊಂಡರು. 2021ರ ಅಕ್ಟೋಬರ್ 29ರಂದು ಪುನೀತ್ 46ಕ್ಕೇ ಹೃದಯಾಘಾತದಿಂದ ಹೋದಾಗ ನಾಡು ಅತ್ತದ್ದು ನಿಜವಾದ ಅಳು. ಜನ ಹೃದಯ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು, ಕಣ್ಣುದಾನಕ್ಕೆ ಹೆಸರು ಬರೆಸಿದರು. ಒಂದು ಸಾವು ಒಂದು ಕಾಯಿಲೆಯನ್ನು ಸಾರ್ವಜನಿಕವಾಗಿ ಮಾತನಾಡಬಹುದಾದ ವಿಷಯವಾಗಿಸಿತು. ಕೆಟ್ಟ ಹೆಸರಿಲ್ಲದ ಕಾಯಿಲೆಗೆ ಇದು ಸಾಧ್ಯ. ಕುಡಿತದಿಂದ ಸತ್ತ ತಾರೆಯ ನಂತರ ಯಕೃತ್ತಿನ ತಪಾಸಣೆಗೆ ಸಾಲು ನಿಂತ ಊರು ಯಾವುದು?

ಅದೇ ಕರ್ನಾಟಕದ ಖಜಾನೆ ಅಬಕಾರಿಯಿಂದ ವರ್ಷಕ್ಕೆ 20,000 ಕೋಟಿ ರೂಪಾಯಿಗೂ ಹೆಚ್ಚು ಪಡೆಯುತ್ತದೆ. 2020ರ ಲಾಕ್‌ಡೌನ್ ನಡುವೆ ಮೇ 4ರಂದು ಮದ್ಯದಂಗಡಿಗಳು ತೆರೆದಾಗ ಮೊದಲ ದಿನ 45 ಕೋಟಿ, ಮರುದಿನ 197 ಕೋಟಿ ರೂಪಾಯಿ ವ್ಯಾಪಾರವಾಯಿತು. ಸಾಲು ನಿಂತವರನ್ನು ನೋಡಿ ವಾಟ್ಸಾಪ್ ನಕ್ಕಿತು. ಅದಕ್ಕೆ ಹಿಂದಿನ ಆರು ವಾರಗಳಲ್ಲಿ ಅಂಗಡಿಗಳು ಒಮ್ಮೆಲೇ ಮುಚ್ಚಿದ್ದಾಗ ಮದ್ಯ ಸಿಗದೆ ಕೈನಡುಕ, ಸೆಳವು, ಭ್ರಮೆಗಳಿಂದ ಬಳಲಿದವರು ಆ ಸಾಲಿನಲ್ಲಿದ್ದರು. ತೀವ್ರ ವ್ಯಸನಿಯು ವೈದ್ಯರ ನೆರವಿಲ್ಲದೆ ಮದ್ಯವನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣವೇ ಹೋಗಬಹುದು. ಏಮಿಗೆ ಆ ಸ್ಥಿತಿಗಾಗಿ ಲಿಬ್ರಿಯಮ್ ಬರೆದುಕೊಡಲು ಸ್ವಂತ ವೈದ್ಯರಿದ್ದರು, ಸಾವಿನ ಹಿಂದಿನ ಸಂಜೆಯೂ ವೈದ್ಯರು ಮನೆಗೆ ಬಂದು ನೋಡಿದ್ದರು. ಆದರೂ ಉಳಿಯಲಿಲ್ಲ. ಆ ಸಾಲಿನಲ್ಲಿದ್ದ ಗಾರೆ ಕೆಲಸದವರಿಗೆ ಅದೂ ಇರಲಿಲ್ಲ.

ಬ್ರಿಟನ್ನಿನಲ್ಲಿ ಏಮಿ ಸತ್ತ ವರ್ಷ ಮದ್ಯ ಸಂಬಂಧಿ ಸಾವುಗಳು ಆಗಿನ ಅಧಿಕೃತ ಎಣಿಕೆಯಂತೆ ಎಂಟು ಸಾವಿರಕ್ಕೂ ಹೆಚ್ಚು. ಅಂದು ನಡೆದ ಚರ್ಚೆಯೆಲ್ಲ ಒಬ್ಬರು ಅಳುವಿಗೆ ಯೋಗ್ಯರೇ ಎಂಬುದರ ಮೇಲೆ. ಎರಡು ವರ್ಷದೊಳಗೆ, 2013ರಲ್ಲಿ, ಇಂಗ್ಲೆಂಡಿನ ವ್ಯಸನ ಚಿಕಿತ್ಸೆಯ ಹೊಣೆಯನ್ನು ಸ್ಥಳೀಯ ಆಡಳಿತಗಳಿಗೆ ವರ್ಗಾಯಿಸಿ, ನಂತರ ಅದಕ್ಕೆ ಕೊಡುವ ಅನುದಾನವನ್ನು ಕಡಿತಗೊಳಿಸುತ್ತ ಬಂದಾಗ ಯಾವ ಬೇಲಿಯ ಮುಂದೆಯೂ ಜನ ಸೇರಲಿಲ್ಲ. ಸರ್ಕಾರವೇ ನೇಮಿಸಿದ ಡೇಮ್ ಕ್ಯಾರೊಲ್ ಬ್ಲ್ಯಾಕ್ 2021ರಲ್ಲಿ ಮಾದಕವಸ್ತು ವ್ಯಸನದ ಸೇವೆಗಳು ಉದ್ದೇಶಕ್ಕೆ ತಕ್ಕಂತಿಲ್ಲ ಎಂದು ವರದಿ ಕೊಟ್ಟರು. 2023ರಲ್ಲಿ ಬ್ರಿಟನ್ನಿನಲ್ಲಿ ಮದ್ಯವೇ ನೇರ ಕಾರಣವಾದ ಸಾವುಗಳು 10,473. ದಾಖಲೆ ಆರಂಭವಾದಂದಿನಿಂದ ಅತಿ ಹೆಚ್ಚು.

ಈ ಸಂಖ್ಯೆಯೊಳಗೆ ಅನಿವಾಸಿಗಳ ಮನೆಗಳೂ ಸೇರಿವೆ. ಹಬ್ಬದ ಊಟಕ್ಕೆ ಬಾರದ ಅಣ್ಣನಿಗೆ ‘ಆಫೀಸಿನ ಕೆಲಸ’ ಎನ್ನುವ ಅತ್ತಿಗೆ, ಊರಿನಲ್ಲಿರುವ ತಾಯಿಗೆ ‘ಸಕ್ಕರೆ ಕಾಯಿಲೆ’ ಎಂದು ಹೇಳಿರುವ ಮಗ, ಕನ್ನಡ ಕೂಟದ ಶ್ರದ್ಧಾಂಜಲಿಯಲ್ಲಿ ‘ಅಲ್ಪಕಾಲದ ಅಸ್ವಸ್ಥತೆ’ ಎಂದು ಮುಗಿಸುವ ಕಾರ್ಯದರ್ಶಿ. ಅವರು ಸುಳ್ಳು ಹೇಳುತ್ತಿರುವುದು ಸತ್ತವರಿಗೆ ಸಲ್ಲಬೇಕಾದ ಶೋಕವನ್ನು ಉಳಿಸಿಕೊಳ್ಳಲು. ನಿಜ ಹೇಳಿದರೆ ಅರ್ಧ ಸಭೆ ಅದನ್ನು ವಾಪಸು ಪಡೆಯುತ್ತದೆ ಎಂದು ಅವರಿಗೆ ತಿಳಿದಿದೆ. ಗಾಯಕಿಯೊಬ್ಬಳ ಸಾವಿನ ಸುದ್ದಿ ಬಂದ ಸಂಜೆ ಮನೆಯ ಹಜಾರದಲ್ಲಿ ‘ತಾನಾಗಿ ತಂದುಕೊಂಡಳು’ ಎಂದು ಯಾರೋ ಹೇಳಿದ್ದನ್ನು ಅವರೂ ಕೇಳಿಸಿಕೊಂಡಿದ್ದರು. ಕೋಣೆಯ ಬಾಗಿಲು ಹಾಕಿಕೊಂಡು ಕುಡಿಯುತ್ತಿದ್ದವನೂ ಕೇಳಿಸಿಕೊಂಡಿದ್ದ.

ಏಮಿಯ ಕುಟುಂಬ ಆರಂಭಿಸಿದ ಪ್ರತಿಷ್ಠಾನವು 2016ರಲ್ಲಿ ಲಂಡನ್ನಿನಲ್ಲಿ, ವ್ಯಸನದಿಂದ ಹೊರಬರುತ್ತಿರುವ ಯುವತಿಯರಿಗಾಗಿ ಒಂದು ವಸತಿಯನ್ನು ತೆರೆಯಿತು. ಚಿಕಿತ್ಸೆ ಮುಗಿಸಿದವರು ಹಳೆಯ ಮನೆ, ಹಳೆಯ ಸಹವಾಸಕ್ಕೆ ನೇರವಾಗಿ ಮರಳುವ ಬದಲು ಅಲ್ಲಿ ಕೆಲಕಾಲ ಇರಬಹುದು. ಅದು ಚಿಕ್ಕ ವ್ಯವಸ್ಥೆ. ನಗರದ ಅಗತ್ಯಕ್ಕೆ ಹೋಲಿಸಿದರೆ ಬಹಳ ಚಿಕ್ಕದು.